ಲೇಸರ್ ಕಿರಣ: ಕಾರ್ಖಾನೆಯಿಂದ ರಕ್ಷಣಾರಂಗಕ್ಕೆ

1960ರ ಮೇ 16ರಂದು ಅಮೆರಿಕದ ವಿಜ್ಞಾನಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಪ್ರಪಂಚದ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದನು. ಅದು ಎಡೆಬಿಡದೆ ಹರಿಯುವ ಬೆಳಕಲ್ಲ. ಕ್ಷಣಮಾತ್ರ ಮಿಂಚಿ ಮರೆಯಾಗುವ ಸ್ಪಂದವಾಗಿತ್ತು. ಇಂದು ಮೇಜಿನ ಮೇಲಿಡಬಹುದಾದ ಸ್ಪಂದ ಲೇಸರ್ ಯಂತ್ರಗಳು ಲೋಹದ ಫಲಕಗಳ ಮೇಲೆ ಹೆಸರು, ಅಂಕಿಗಳನ್ನು ಕೊರೆಯುತ್ತಿವೆ. ಇವನ್ನು ದೇಶರಕ್ಷಣೆಗೆ ಒಗ್ಗಿಸುವುದೆಂದರೇನು ಎಂಬುದು ವಿಚಾರಾರ್ಹ ವಿಷಯ.

ಸ್ಪಂದದ ಬಲವೇನು?

ಕೆರೆಯ ತೂಬನ್ನು ಮುಚ್ಚಿ ನೀರು ನಿಲ್ಲಿಸಿ, ಥಟ್ಟನೆ ತೆರೆದರೆ ಅದು ರಭಸದಿಂದ ನುಗ್ಗುತ್ತದೆ. ಸ್ಪಂದ ಲೇಸರ್‌ನಲ್ಲಿಯೂ ಶಕ್ತಿಯನ್ನು ತಡೆದು ಕೂಡಿಸಿ ಒಮ್ಮೆಲೇ ಬಿಡಲಾಗುತ್ತದೆ. ಕೊರೆಯುವ ಯಂತ್ರವೊಂದು 1 ಮಿಲಿಜೂಲ್ ಶಕ್ತಿಯ ಸ್ಪಂದಗಳನ್ನು ಸೆಕೆಂಡಿಗೆ 20,000ದಂತೆ ಹೊಮ್ಮಿಸಿದರೆ ಅದರ ಸರಾಸರಿ ಸಾಮರ್ಥ್ಯ 20 ವ್ಯಾಟ್ ಮಾತ್ರ. ಆದರೆ ಪ್ರತಿ ಸ್ಪಂದವೂ 100 ನ್ಯಾನೊಸೆಕೆಂಡಿನಲ್ಲಿ ಮುಗಿಯುವುದರಿಂದ ಆ ಗಳಿಗೆಯ ಸಾಮರ್ಥ್ಯ 10,000 ವ್ಯಾಟ್ ಆಗುತ್ತದೆ.

ಮಾರ್ಪಾಡಿನ ಅಗತ್ಯ

ಹೀಗಿದ್ದರೂ ಆ ಯಂತ್ರವನ್ನು ರಣರಂಗಕ್ಕೆ ಒಯ್ದಮಾತ್ರಕ್ಕೆ ಅದು ಆಯುಧವಾಗದು. ಕಾರ್ಖಾನೆಯಲ್ಲಿ ಮಸೂರವು ಗೇಣುದ್ದದ ಅಂತರದಲ್ಲಿ ಕಿರಣವನ್ನು ಕೂದಲೆಳೆಯಷ್ಟು ಸೂಕ್ಷ್ಮ ಬಿಂದುವಿಗೆ ಕೂಡಿಸುತ್ತದೆ. ಕಿಲೋಮೀಟರ್ ದೂರದಲ್ಲಿ ವಿವರ್ತನೆಯಿಂದಲೂ ಗಾಳಿಯ ಕಲಕಾಟದಿಂದಲೂ ಅದು ಹರಡಿ ಕ್ಷೀಣಿಸುತ್ತದೆ.

ಆದ್ದರಿಂದ ರಕ್ಷಣಾರಂಗದಲ್ಲಿ ಸ್ಪಂದ ಲೇಸರ್‌ನ ಮುಖ್ಯ ಕಾರ್ಯ ಸುಡುವುದಲ್ಲ. ಅಳೆಯುವುದು ಮತ್ತು ಗುರಿ ತೋರುವುದು. 3 ಕಿಲೋಮೀಟರ್ ದೂರದ ಗುರಿಯನ್ನು ಮುಟ್ಟಿ ಬೆಳಕು ಹಿಂದಿರುಗಲು 20 ಮೈಕ್ರೊಸೆಕೆಂಡು ಸಾಕು. ಆ ಕಾಲದಿಂದ ದೂರ ತಿಳಿಯುತ್ತದೆ. ಆದರೆ 100 ನ್ಯಾನೊಸೆಕೆಂಡಿನ ಸ್ಪಂದ ತಾನೇ 30 ಮೀಟರ್ ಉದ್ದವಿರುವುದರಿಂದ ಅಳತೆ ಒರಟಾಗುತ್ತದೆ. ಅದನ್ನು 10 ನ್ಯಾನೊಸೆಕೆಂಡಿಗೆ ಇಳಿಸಿದರೆ ಉದ್ದ 3 ಮೀಟರಿಗೆ ಇಳಿಯುತ್ತದೆ. ಇದು ಮೊದಲ ಮಾರ್ಪಾಡು. ಎರಡನೆಯದು ತರಂಗಾಂತರಕ್ಕೆ ಸಂಬಂಧಿಸಿದ್ದು. 1.06 ಮೈಕ್ರಾನಿನ ಕಿರಣ ಕಣ್ಣಿನ ಅಕ್ಷಿಪಟಲವನ್ನು ತಲುಪಿ ಹಾನಿಮಾಡಬಲ್ಲದು, 1.5 ಮೈಕ್ರಾನಿನದು ಬಹುಮಟ್ಟಿಗೆ ಕಣ್ಣಿನ ಮುಂಭಾಗದಲ್ಲಿಯೇ ಹೀರಲ್ಪಡುತ್ತದೆ. ಮೂರನೆಯದಾಗಿ, ಧೂಳು, ಬಿಸಿಲು, ವಾಹನದ ಕುಲುಕಾಟಗಳನ್ನು ತಾಳಿ ಮಸೂರಗಳು ಕದಲದಂತಿರಬೇಕು.

ಭಾರತದ ಸಾಧನೆ

ಚಾಲಕನಿಲ್ಲದ ವಿಮಾನಗಳನ್ನು ಸುಟ್ಟು ಕೆಡವಲು ಗುರಿಯ ಒಂದೇ ಸ್ಥಳದಲ್ಲಿ ಕಿರಣವನ್ನು ಕೆಲವು ಸೆಕೆಂಡು ನಿಲ್ಲಿಸಿ ಕಾಯಿಸಬೇಕಾಗುತ್ತದೆ. ಅದಕ್ಕೆ ಕಿಲೋವ್ಯಾಟ್ ಪ್ರಮಾಣದ ನಿರಂತರ ಲೇಸರ್ ಬೇಕು. ಬೆಂಗಳೂರಿನ ವಿದ್ಯುನ್ಮಾನ ಹಾಗೂ ರೇಡಾರ್ ಅಭಿವೃದ್ಧಿ ಸಂಸ್ಥೆಯೂ ಹೈದರಾಬಾದು, ಡೆಹ್ರಾಡೂನುಗಳ ಪ್ರಯೋಗಾಲಯಗಳೂ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ ಡ್ರೋನ್ ನಿರೋಧಕ ವ್ಯವಸ್ಥೆಯನ್ನು ರೂಪಿಸಿದವು. ಅದರ ಪೂರೈಕೆಗಾಗಿ 2021ರ ಆಗಸ್ಟ್ 31ರಂದು ನೌಕಾಪಡೆಯು ಭಾರತ್ ಎಲೆಕ್ಟ್ರಾನಿಕ್ಸ್‌ನೊಡನೆ ಒಪ್ಪಂದ ಮಾಡಿಕೊಂಡಿತು. 2025ರ ಏಪ್ರಿಲ್ 13ರಂದು ಕರ್ನೂಲಿನ ಬಳಿ ಹೆಚ್ಚಿನ ಸಾಮರ್ಥ್ಯದ ಲೇಸರ್ ಆಯುಧವೊಂದು ಪರೀಕ್ಷೆಯಲ್ಲಿ ಯಶಸ್ವಿಯಾಯಿತು.

ವಿವೇಕದ ಮೇರೆ

ಬಲವಿದ್ದೆಡೆ ಮೇರೆಯೂ ಇರಬೇಕು. ಮನುಷ್ಯರನ್ನು ಶಾಶ್ವತವಾಗಿ ಕುರುಡಾಗಿಸಲೆಂದೇ ರಚಿಸಿದ ಲೇಸರ್ ಆಯುಧಗಳನ್ನು 1995ರ ಅಂತರರಾಷ್ಟ್ರೀಯ ಒಡಂಬಡಿಕೆಯು ನಿಷೇಧಿಸಿದೆ. ಭಾರತವೂ ಅದಕ್ಕೆ ಸಮ್ಮತಿಸಿದೆ. ಮೇಲಿನ ಲೆಕ್ಕಗಳೆಲ್ಲ ಪ್ರೌಢಶಾಲೆಯ ಗುಣಾಕಾರ, ಭಾಗಾಕಾರಗಳಿಗೆ ಎಟುಕುವಂಥವು. ಗ್ರಾಮಾಂತರ ವಿದ್ಯಾರ್ಥಿಗೆ ಈ ಲೆಕ್ಕದೊಡನೆ ಈ ಮೇರೆಯನ್ನೂ ಕಲಿಸಿದಾಗಲೇ ವಿಜ್ಞಾನದ ಪಾಠ ಪೂರ್ಣವಾಗುತ್ತದೆ.