ವಸಡಿನ ರಕ್ತಕ್ಕೆ ಬೊಂಡ ಮದ್ದಲ್ಲ

ಹಲ್ಲುಜ್ಜುವಾಗ ಮಗುವಿನ ವಸಡಿನಲ್ಲಿ ರಕ್ತ ಕಂಡರೆ ಕುಂದಾಪುರದ ವಂಡ್ಸೆ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು 'ಉಷ್ಣ ಆಯ್ತ್'. ಬೊಂಡ ಕೆತ್ತಿ ಎಳನೀರು ಕುಡಿಸಿ, ಎರಡು ದಿನ ಬ್ರಷ್ ಬೇಡ ಎನ್ನುತ್ತಾರೆ. ಬೊಂಡ ಕುಡಿಯಲಿ, ಅಡ್ಡಿಲ್ಲ. ಬ್ರಷ್ ಮಾತ್ರ ನಿಲ್ಲಬಾರದು.

ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳ ಅಂಟು ಪೊರೆ ಕಟ್ಟುತ್ತದೆ. ದಂತವೈದ್ಯರು ಅದನ್ನು ಪ್ಲಾಕ್ ಎನ್ನುತ್ತಾರೆ. ಅದು ಅಲ್ಲೇ ಉಳಿದರೆ ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಬ್ರಷ್ ತಾಗಿದರೆ ರಕ್ತ ಬರುತ್ತದೆ. ಇದೇ ಜಿಂಜಿವೈಟಿಸ್, ಅಂದರೆ ವಸಡಿನ ಉರಿಯೂತ. ನೋಯುವ ಜಾಗವನ್ನು ಮಗು ತಪ್ಪಿಸಿ ಉಜ್ಜುತ್ತದೆ, ಅಲ್ಲಿ ಪೊರೆ ಇನ್ನಷ್ಟು ದಪ್ಪವಾಗುತ್ತದೆ. 'ಹಲ್ಲ್ ತಿಕ್ಕಿ ಆಯ್ತಾ ಮಗಾ?' ಎಂದರೆ 'ಆಯ್ತ್' ಎನ್ನುವ ಮಗು ಸುಳ್ಳು ಹೇಳುತ್ತಿಲ್ಲ. ಮುಂದಿನ ನಾಲ್ಕು ಹಲ್ಲು ತಿಕ್ಕಿಯೇ ಬಂದಿರುತ್ತದೆ. ಬೈದರೆ ಬಾಯಿ ತೋರಿಸುವುದನ್ನೂ ಬಿಡುತ್ತದೆ.

ವಸಡಿನ ಈ ಉರಿಯೂತ ಬಾಯಿಗಷ್ಟೇ ಸೀಮಿತವೇ, ಹೃದಯಕ್ಕೂ ನಂಟಿದೆಯೇ? ವರ್ಷಗಟ್ಟಲೆ ಅಲಕ್ಷಿಸಿದ ವಸಡಿನ ರೋಗ ಹಲ್ಲು ಹಿಡಿದಿಟ್ಟ ಮೂಳೆಯನ್ನೇ ಸವೆಸಬಲ್ಲದು. ಆಗ ಊಟ ಅಗಿಯುವಾಗಲೂ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಇಳಿಯುತ್ತವೆ, ಮೈಯಲ್ಲಿ ಸಣ್ಣಗೆ ಉರಿಯೂತ ಉಳಿದುಬಿಡುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಕೂರುವುದರಲ್ಲೂ ಉರಿಯೂತದ ಕೈ ಇದೆ. ಫಿನ್ಲೆಂಡಿನಲ್ಲಿ 1980ರಲ್ಲಿ 755 ಮಕ್ಕಳ ಬಾಯಿ ಪರೀಕ್ಷಿಸಿ, 27 ವರ್ಷ ಅವರ ಆರೋಗ್ಯವನ್ನು ಗಮನಿಸಿದರು. ಬಾಲ್ಯದಲ್ಲಿ ಹುಳುಕು, ವಸಡಿನ ರಕ್ತಸ್ರಾವ ಇದ್ದವರ ಕುತ್ತಿಗೆಯ ಅಪಧಮನಿಯ ಗೋಡೆ ದೊಡ್ಡವರಾದ ಮೇಲೆ ಹೆಚ್ಚು ದಪ್ಪವಿತ್ತು. ಹೆದರಬೇಡಿ, ಇದು ನಂಟು ಮಾತ್ರ. ವಸಡಿನ ರೋಗವೇ ಹೃದಯಾಘಾತ ತರುತ್ತದೆ ಎಂಬುದು ಸಾಬೀತಾಗಿಲ್ಲ. ತಂಬಾಕು ಮತ್ತು ಸಕ್ಕರೆ ಕಾಯಿಲೆ ವಸಡಿನ ರೋಗ, ಹೃದಯದ ರೋಗ ಎರಡಕ್ಕೂ ದಾರಿ ಮಾಡುತ್ತವೆ. ಅಜ್ಜನ ಹಲ್ಲು ಅಲ್ಲಾಡಿದರೆ ಅದಕ್ಕೆಲ್ಲ ವಯಸ್ಸನ್ನೇ ದೂರುವ ನಾವು ಅವರ ಎಲೆಅಡಿಕೆಯ ಹೊಗೆಸೊಪ್ಪನ್ನೂ ನೋಡಬೇಕು.

ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಒಳ ಹಲ್ಲು ಉಜ್ಜುವ ಹಿಡಿತ ಇರುವುದಿಲ್ಲ. ಹಾಗಾಗಿ ಕೇಳುವುದಕ್ಕಿಂತ ಉಜ್ಜಿಕೊಡುವುದೇ ಸರಿ, ಅದರಲ್ಲೂ ರಾತ್ರಿ ಮಲಗುವ ಮುಂಚೆ. ಮಗುವಿನ ತಲೆ ನಿಮ್ಮ ಎದೆಗೆ ಒರಗಲಿ. ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣ ಸುತ್ತಿನಲ್ಲಿ ಆಡಿಸಿ. ಮೂರು ವರ್ಷ ದಾಟಿದವರಿಗೆ ಬಟಾಣಿ ಗಾತ್ರದ ಫ್ಲೋರೈಡ್ ಪೇಸ್ಟ್ ಸಾಕು. ಮೊದಲ ದಿನಗಳಲ್ಲಿ ರಕ್ತ ಬಂದೇ ಬರುತ್ತದೆ, ಸಾಮಾನ್ಯವಾಗಿ ವಾರದೊಳಗೆ ಕಡಿಮೆಯಾಗುತ್ತದೆ. ಎರಡು ವಾರವಾದರೂ ನಿಲ್ಲದಿದ್ದರೆ ಕುಂದಾಪುರದಲ್ಲೋ ಮಣಿಪಾಲದ ದಂತ ಕಾಲೇಜಿನಲ್ಲೋ ತೋರಿಸಿ. ಜೊತೆಗೆ ಮೂಗಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಕಂಡರೆ ಕಾಯದೆ ಮಕ್ಕಳ ವೈದ್ಯರ ಬಳಿ ಹೋಗಿ.

ಹುಟ್ಟಿನಿಂದ ಹೃದಯದಲ್ಲಿ ರಂಧ್ರವಿರುವ ಅಥವಾ ಕವಾಟದ ತೊಂದರೆ ಇರುವ ಮಕ್ಕಳ ವಿಷಯ ಬೇರೆ. ಬಾಯಿಯ ಬ್ಯಾಕ್ಟೀರಿಯಾ ಅವರ ಹೃದಯದ ಒಳಪದರಕ್ಕೇ ಸೋಂಕು ತರಬಹುದು. ಹಲ್ಲು ಕೀಳಿಸುವ ಮೊದಲು ಹೃದಯದ ವೈದ್ಯರ ಚೀಟಿಯನ್ನು ದಂತವೈದ್ಯರಿಗೆ ತೋರಿಸಿ. ಆ್ಯಂಟಿಬಯಾಟಿಕ್ ಮೊದಲೇ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ.