ಬಸಿರು-ಬಾಣಂತನದ ನುಡಿ ಮತ್ತು ಯಂತ್ರದ ಕಿವಿ

1

ಮುಟ್ಟು, ಬಸಿರು, ಹೆರಿಗೆ, ಬಾಣಂತನಗಳನ್ನು ಕುರಿತ ಕನ್ನಡದ ಪದಸಂಪತ್ತು ವಿಪುಲವಾದುದು. ಆದರೆ ಅದರ ಬಹುಭಾಗ ನಿಘಂಟುಗಳಲ್ಲಿಲ್ಲ, ಹೆಂಗಸರ ಬಾಯಲ್ಲಿದೆ. ತಾಯಿಯಿಂದ ಮಗಳಿಗೆ, ಸೂಲಗಿತ್ತಿಯಿಂದ ಬಸುರಿಗೆ, ಅತ್ತೆಯಿಂದ ಸೊಸೆಗೆ ತಗ್ಗಿದ ದನಿಯಲ್ಲಿ ಹರಿದು ಬಂದ ನುಡಿ ಇದು. ಇಷ್ಟು ಕಾಲ ಭಾಷಾವಿಜ್ಞಾನಿಗಳಿಗೂ ಜಾನಪದ ವಿದ್ವಾಂಸರಿಗೂ ಮಾತ್ರ ಆಸಕ್ತಿಯ ವಿಷಯವಾಗಿದ್ದ ಈ ಪದಸಂಪತ್ತು ಈಗ ಸಾವು ಬದುಕಿನ ಪ್ರಶ್ನೆಯೊಂದಿಗೆ ತಳುಕು ಹಾಕಿಕೊಂಡಿದೆ. ಮೊಬೈಲ್ ಫೋನು, ಗಣಕಯಂತ್ರ ಮತ್ತು ಕೃತಕ ಬುದ್ಧಿಮತ್ತೆಗಳು ಸ್ತ್ರೀಯರ ಸಂತಾನಾರೋಗ್ಯದ ಕ್ಷೇತ್ರವನ್ನು ಪ್ರವೇಶಿಸಿರುವುದೇ ಇದಕ್ಕೆ ಕಾರಣ. ಈ ಯಂತ್ರಗಳಿಗೆ ಕನ್ನಡ ಹೆಣ್ಣಿನ ಮಾತು ಅರ್ಥವಾಗಬೇಕಾದರೆ ಆಗಬೇಕಾದ ಕೆಲಸವೇನು, ಅದರಲ್ಲಿ ಕನ್ನಡ ವಿಭಾಗಗಳ ಪಾಲೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲ ಹಂತದಲ್ಲಿ ಯಂತ್ರ ಮಾತನಾಡಿತು, ಹೆಣ್ಣು ಕೇಳಿದಳು. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ದೇಶಮಟ್ಟದಲ್ಲಿ ಆರಂಭಿಸಿದ ‘ಕಿಲ್ಕಾರಿ’ ಯೋಜನೆ ಇದಕ್ಕೆ ಉತ್ತಮ ನಿದರ್ಶನ. ಬಸಿರಿನ ನಾಲ್ಕನೆಯ ತಿಂಗಳಿಂದ ಮಗುವಿಗೆ ಒಂದು ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಧ್ವನಿಸಂದೇಶಗಳು ತಾಯಿಯ ಫೋನಿಗೆ ಬರುತ್ತವೆ. ಓದು ಬಾರದವಳಿಗೂ ಅವು ತಲುಪುತ್ತವೆ ಎಂಬುದೇ ಈ ಯೋಜನೆಯ ಹಿರಿಮೆ. ಡಾ. ಅಪರ್ಣಾ ಹೆಗಡೆಯವರು 2008ರಲ್ಲಿ ಸ್ಥಾಪಿಸಿದ ‘ಅರ್ಮಾನ್’ ಸಂಸ್ಥೆಯ ‘ಎಂಮಿತ್ರ’ವೂ ಇದೇ ಬಗೆಯದು. ಹಲವು ತಾಯಂದಿರು ಕೆಲವು ವಾರಗಳ ಬಳಿಕ ಕರೆಯನ್ನು ಕೇಳುವುದನ್ನೇ ಬಿಟ್ಟುಬಿಡುತ್ತಿದ್ದುದು ಈ ಸಂಸ್ಥೆಗೆ ಎದುರಾದ ತೊಡಕು. ಯಾರು ಬಿಟ್ಟುಬಿಡಬಹುದೆಂಬುದನ್ನು ಮುಂದಾಗಿ ಊಹಿಸಲು ಗೂಗಲ್ ಸಂಶೋಧಕರ ಸಹಯೋಗದಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸಲಾಯಿತು. ಸುಮಾರು 23,000 ಮಹಿಳೆಯರನ್ನು ಒಳಗೊಂಡ ಕ್ಷೇತ್ರ ಅಧ್ಯಯನದಲ್ಲಿ, ಯಂತ್ರ ಗುರುತಿಸಿಕೊಟ್ಟವರಿಗೆ ಆರೋಗ್ಯ ಕಾರ್ಯಕರ್ತೆಯರು ಖುದ್ದಾಗಿ ಕರೆ ಮಾಡಿದಾಗ ಕೇಳುವಿಕೆಯ ಕುಸಿತ ಸುಮಾರು ಶೇಕಡ 30ರಷ್ಟು ತಗ್ಗಿತು. ಇಲ್ಲಿ ಯಂತ್ರ ಮಾಡಿದ್ದು ಆಯ್ಕೆ. ತಾಯಿಯ ಮನಸ್ಸನ್ನು ಒಲಿಸಿದ್ದು ಮನುಷ್ಯರ ಮಾತು. ಈ ಅಂಶ ಮುಂದಿನ ವಿವೇಚನೆಗೂ ಮುಖ್ಯವಾದುದು.

ಎರಡನೆಯ ಹಂತದಲ್ಲಿ ಹೆಣ್ಣು ಮಾತನಾಡುತ್ತಾಳೆ, ಯಂತ್ರ ಕೇಳುತ್ತದೆ. ಮುಂಬಯಿಯ ‘ಮೈನಾ ಮಹಿಳಾ ಫೌಂಡೇಶನ್’ ರೂಪಿಸಿದ ‘ಮೈನಾ ಬೋಲೋ’, ರಾಜಸ್ಥಾನದ ಉದಯಪುರದಲ್ಲಿ ಆಶಾ ಕಾರ್ಯಕರ್ತೆಯರಿಗಾಗಿ ‘ಖುಷಿ ಬೇಬಿ’ ಸಂಸ್ಥೆ ಮೈಕ್ರೋಸಾಫ್ಟ್ ರಿಸರ್ಚ್ ಜೊತೆಗೂಡಿ ಬಳಕೆಗೆ ತಂದ ‘ಆಶಾಬಾಟ್’ ಮೊದಲಾದವು ಈ ಬಗೆಯ ಪ್ರಯತ್ನಗಳು. ಇವು ಹಿಂದಿಯನ್ನೂ ಇಂಗ್ಲಿಷ್ ಬೆರೆತ ಹಿಂದಿಯನ್ನೂ ಆಶ್ರಯಿಸಿ ಬೆಳೆದವು. ಇಂಥ ಸಾಧನವೊಂದು ಕನ್ನಡಕ್ಕೆ ಬಂದಾಗ ಏನಾಗುತ್ತದೆ? ಯಂತ್ರ ಕಲಿತಿರುವ ಕನ್ನಡ ಬಹುಮಟ್ಟಿಗೆ ಮುದ್ರಿತ ಕನ್ನಡ. ಅದಕ್ಕೆ ‘ಋತುಸ್ರಾವ’, ‘ಗರ್ಭಧಾರಣೆ’, ‘ಪ್ರಸವ’ಗಳು ಗೊತ್ತು. ಆದರೆ ನೋವಿನಲ್ಲಿರುವ ಹೆಣ್ಣು ಆ ಪದಗಳನ್ನು ಆಡುವುದಿಲ್ಲ.

3

ಅವಳಾಡುವ ಮಾತಿನ ಲಕ್ಷಣಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಮರೆಮಾಚಿದ ನುಡಿ. ‘ಹೊರಗಾದಳು’, ‘ಹೊರಗೆ ಕೂತಳು’, ‘ಕಡೆಗಾದಳು’ ಎಂಬುವು ಮುಟ್ಟನ್ನು ಸೂಚಿಸುವ ಮಾತುಗಳು. ‘ಹೊರಗಾಗಿ ಎರಡು ತಿಂಗಳಾಯಿತು’ ಎಂದರೆ ಎರಡು ತಿಂಗಳಿಂದ ಮುಟ್ಟಾಗಿಲ್ಲ ಎಂದರ್ಥ. ಪದಶಃ ಓದುವ ಯಂತ್ರಕ್ಕೆ ಇದು ಯಾರೋ ಮನೆಯಿಂದ ಹೊರಗಿರುವ ಸಂಗತಿಯಾಗಿ ಕಾಣುವ ಅಪಾಯವಿದೆ. ಈ ಮರೆಮಾಚುವಿಕೆಯ ಹಿಂದೆ ಮೈಲಿಗೆಯ ದೀರ್ಘ ಚರಿತ್ರೆಯಿದೆ. 12ನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ರಜಸ್ಸೂತಕ, ಜನನಸೂತಕಗಳೆರಡನ್ನೂ ನಿರಾಕರಿಸಿದರು. ಆದರೂ ಭಾಷೆಯಲ್ಲಿ ಆ ಹೊರಗು ಉಳಿದುಕೊಂಡೇ ಬಂದಿದೆ.

ಎರಡನೆಯದು, ನಾನಾರ್ಥದ ಪದಗಳು. ‘ಬಿಳಿ ಸೆರಗು ಹೋಗುತ್ತದೆ’ ಎಂಬಲ್ಲಿಯ ‘ಸೆರಗು’ ಸೀರೆಯ ಅಂಚಲ್ಲ. ‘ಮಾಸು ಬಿದ್ದಿಲ್ಲ’ ಎಂಬಲ್ಲಿ ‘ಮಾಸು’ ಬಣ್ಣಗೆಡುವ ಕ್ರಿಯೆಯಲ್ಲ. ಹೆರಿಗೆಯ ನಂತರ ಹೊರಬರಬೇಕಾದ ಸತ್ತೆ. ಅದು ಒಳಗೇ ಉಳಿದರೆ ತೀವ್ರ ರಕ್ತಸ್ರಾವವಾಗಿ ತಾಯಿಯ ಪ್ರಾಣಕ್ಕೆ ಅಪಾಯ. ಬಟ್ಟೆಯ ಬಣ್ಣವನ್ನು ಕುರಿತ ಮಾತೆಂದು ಯಂತ್ರ ಗ್ರಹಿಸುವಷ್ಟರಲ್ಲಿ ಕಳೆದುಹೋಗುವ ನಿಮಿಷಗಳಿಗೆ ಬೆಲೆ ಕಟ್ಟಲಾಗದು.

ಮೂರನೆಯದು, ಅಧ್ಯಾಹಾರ. ಹೇಳಲು ಸಂಕೋಚವಿರುವ ಪದವನ್ನು ಹೆಂಗಸರು ವಾಕ್ಯದಿಂದಲೇ ಬಿಟ್ಟುಬಿಡುತ್ತಾರೆ. ‘ಎರಡು ಹೋದವು, ಇದು ನಿಂತಿದೆ’ ಎಂಬ ಮಾತಿನಲ್ಲಿ ಕರ್ತೃಪದವಿಲ್ಲ. ಹಿಂದೆ ಎರಡು ಬಾರಿ ಗರ್ಭಪಾತವಾಗಿದೆ, ಈಗಿನ ಬಸಿರು ಉಳಿದಿದೆ ಎಂಬುದು ಅದರ ತಾತ್ಪರ್ಯ. ‘ತೆಗೆಸಿದೆವು’ ಎಂಬಲ್ಲಿ ಕರ್ಮಪದವಿಲ್ಲ. ವೈದ್ಯರಿಗೆ ಅತ್ಯಗತ್ಯವಾದ ಪೂರ್ವಚರಿತ್ರೆ ಹೀಗೆ ಕಾಣದ ಪದಗಳಲ್ಲೇ ಅಡಗಿರುತ್ತದೆ.

ನಾಲ್ಕನೆಯದು, ಅರ್ಥ ಬದಲಿಸಿಕೊಂಡ ಅನ್ಯದೇಶ್ಯಗಳು. ‘ಆಪರೇಷನ್ ಆಗಿದೆ’ ಎಂದರೆ ಹಳ್ಳಿಯ ಕನ್ನಡದಲ್ಲಿ ಸಾಮಾನ್ಯವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಎಂದೇ ಅರ್ಥ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕ ಹಾಗೂ ತೆಲಂಗಾಣಗಳೆರಡರಲ್ಲೂ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾದವರು. ಇನ್ನೊಂದೆಡೆ, ಅದೇ ಸಮೀಕ್ಷೆ ದಾಖಲಿಸಿದ ಸಿಸೇರಿಯನ್ ಹೆರಿಗೆಗಳ ಪ್ರಮಾಣ ಕರ್ನಾಟಕದಲ್ಲಿ ಶೇಕಡ 31.5, ತೆಲಂಗಾಣದಲ್ಲಿ ಶೇಕಡ 60.7. ‘ಆಪರೇಷನ್’ ಎಂಬ ಒಂದೇ ಪದವನ್ನು ಕೇಳಿದ ಯಂತ್ರ ಇವೆರಡರಲ್ಲಿ ಯಾವುದನ್ನು ಬರೆದುಕೊಳ್ಳಬೇಕು?

ಇವುಗಳೊಂದಿಗೆ ಕಾಲಗಣನೆಯ ತೊಡಕನ್ನೂ ಸೇರಿಸಬೇಕು. ಹೆರಿಗೆಯ ದಿನವನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳೆಂದು ಎಣಿಸುವುದು ವೈದ್ಯಶಾಸ್ತ್ರದ ಕ್ರಮ. ಹೆಣ್ಣು ಆ ದಿನವನ್ನು ತಾರೀಖಿನಿಂದ ನೆನೆಯುವುದಿಲ್ಲ. ‘ಯುಗಾದಿ ಅಮಾವಾಸ್ಯೆಯಾದ ಮೂರು ದಿನಕ್ಕೆ’, ‘ಪಂಚಮಿ ಹಬ್ಬದ ಹಿಂದಿನ ದಿನ’ ಎನ್ನುತ್ತಾಳೆ. ‘ಏಳು ತುಂಬಿದೆ’ ಎಂಬುದಕ್ಕೂ ‘ಏಳರಲ್ಲಿ ಬಿದ್ದಿದೆ’ ಎಂಬುದಕ್ಕೂ ಒಂದು ತಿಂಗಳಷ್ಟು ವ್ಯತ್ಯಾಸವಿರಬಹುದು. ಮೊದಲನೆಯದು ಮುಗಿದ ತಿಂಗಳ ಲೆಕ್ಕ, ಎರಡನೆಯದು ನಡೆಯುತ್ತಿರುವ ತಿಂಗಳ ಲೆಕ್ಕ. 37 ವಾರಗಳಿಗೆ ಮೊದಲೇ ಹುಟ್ಟುವ ಮಗುವನ್ನು ಅವಧಿಪೂರ್ವವೆಂದು ಪರಿಗಣಿಸುವ ಶಾಸ್ತ್ರದಲ್ಲಿ ಒಂದು ಕ್ರಿಯಾಪದ ನಾಲ್ಕು ವಾರಗಳನ್ನು ಹೊತ್ತು ನಿಂತಿದೆ.

ಮದರಾಸಿನ ಐ.ಐ.ಟಿ. ಹಾಗೂ ಫರೀದಾಬಾದಿನ ಸಂಶೋಧನ ಸಂಸ್ಥೆಯೊಂದು 2024ರಲ್ಲಿ ಪ್ರಕಟಿಸಿದ ‘ಗರ್ಭಿಣಿ-ಜಿಎ2’ ಎಂಬ ಕೃತಕ ಬುದ್ಧಿಮತ್ತೆಯ ಮಾದರಿ ಇಲ್ಲಿ ಉಲ್ಲೇಖನೀಯ. ಗರ್ಭದ ವಯಸ್ಸನ್ನು ಸ್ಕ್ಯಾನಿಂಗ್ ಅಳತೆಗಳಿಂದ ಲೆಕ್ಕ ಹಾಕುವ ರೂಢಿಯ ಸೂತ್ರ ಪಾಶ್ಚಾತ್ಯ ಮಹಿಳೆಯರ ಅಳತೆಗಳನ್ನು ಆಧರಿಸಿತ್ತು. ಭಾರತೀಯ ಮಹಿಳೆಯರ ಅಳತೆಗಳಿಂದಲೇ ಕಲಿತ ಹೊಸ ಮಾದರಿ ತಪ್ಪಿನ ಪ್ರಮಾಣವನ್ನು ಸುಮಾರು ಮೂರು ಪಟ್ಟು ತಗ್ಗಿಸಿತೆಂದು ಸಂಶೋಧಕರು ತಿಳಿಸಿದ್ದಾರೆ. ದೇಹದ ವಿಷಯದಲ್ಲಿ ನಿಜವಾದುದು ನುಡಿಯ ವಿಷಯದಲ್ಲೂ ನಿಜ. ಯಾರಿಗಾಗಿ ಯಂತ್ರವೋ ಅವರಿಂದಲೇ ಅದು ಕಲಿಯಬೇಕು.

4

ಸಮಸ್ಯೆಯ ಜಟಿಲ ರೂಪವನ್ನು ಕಾಣಬೇಕಾದರೆ ಹೈದರಾಬಾದಿನ ಪಶ್ಚಿಮ ಅಂಚಿನ ಮಣಿಕೊಂಡದತ್ತ ನೋಡಬೇಕು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗಗಳಾಗಿದ್ದವು. ಗಡಿ ಬದಲಾದರೂ ದುಡಿಮೆಗಾಗಿ ಈ ನಗರಕ್ಕೆ ಬರುವ ದಾರಿ ಬದಲಾಗಲಿಲ್ಲ. ಮಾಹಿತಿ ತಂತ್ರಜ್ಞಾನದ ಏಳಿಗೆಯೊಂದಿಗೆ ಮಣಿಕೊಂಡದಲ್ಲಿ ಬಹುಮಹಡಿ ಕಟ್ಟಡಗಳೆದ್ದವು. ಅಲ್ಲಿ ತಂತ್ರಾಂಶ ಬರೆಯುವ ಕನ್ನಡತಿಯೂ ಇರಬಹುದು, ಗಾರೆ ಹೊರುವ ಕನ್ನಡತಿಯೂ ಇರಬಹುದು.

ಎರಡನೆಯವಳ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಅವಳ ಕೈಯಲ್ಲಿರುವುದು ಕರ್ನಾಟಕದಲ್ಲಿ ಕೊಟ್ಟ ‘ತಾಯಿ ಕಾರ್ಡ್’. ಆಸ್ಪತ್ರೆಯ ಭಾಷೆ ತೆಲುಗು, ಮೇಸ್ತ್ರಿಯ ಭಾಷೆ ಹಿಂದಿ, ಅವಳದು ಯಾದಗಿರಿಯ ಕನ್ನಡ. ಅವಳ ‘ಬಾಣಂತಿ’ ತೆಲುಗಿನಲ್ಲಿ ‘ಬಾಲಿಂತ’, ‘ಸೂಲಗಿತ್ತಿ’ ‘ಮಂತ್ರಸಾನಿ’, ‘ಹೆರಿಗೆ’ ‘ಕಾನ್ಪು’. ಕೆಲವು ಪದಗಳು ನೆರೆಹೊರೆಯವು, ಕೆಲವು ಸಂಪೂರ್ಣ ಅಪರಿಚಿತ. ಅವಳೇ ಇವುಗಳನ್ನು ಬೆರೆಸಿ ಆಡುತ್ತಾಳೆ. ‘ಒಂದು ಭಾಷೆಯನ್ನು ಆರಿಸಿ’ ಎಂದು ಕೇಳುವ ಯಂತ್ರಕ್ಕೆ ಅವಳು ಏನೆಂದು ಉತ್ತರಿಸಬೇಕು? ವಿಪರ್ಯಾಸವೆಂದರೆ ಭಾರತೀಯ ಭಾಷೆಗಳ ಗಣಕೀಕರಣದಲ್ಲಿ ಹೆಸರಾದ ಐ.ಐ.ಐ.ಟಿ.ಯೂ ಹೈದರಾಬಾದ್ ವಿಶ್ವವಿದ್ಯಾಲಯವೂ ಇರುವುದು ಮಣಿಕೊಂಡದ ನೆರೆಯ ಗಚ್ಚಿಬೌಲಿಯಲ್ಲಿಯೇ.

ತಪ್ಪು ತಿಳಿವಳಿಕೆಯ ಪರಿಣಾಮ ಎಷ್ಟು ಘೋರವಾಗಬಲ್ಲುದೆಂಬುದಕ್ಕೆ ಯಂತ್ರವಿಲ್ಲದ ಕಾಲದ ಸಾಕ್ಷ್ಯವೂ ಇದೆ. ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಮಹಿಳೆಯರೂ ಸೇರಿದಂತೆ ಅನೇಕರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಯಿತೆಂಬ ದೂರುಗಳು 2015ರಲ್ಲಿ ಬಹಿರಂಗವಾದವು. ಹೊಟ್ಟೆನೋವು, ಬಿಳಿ ಸೆರಗುಗಳಂಥ ತೊಂದರೆ ಹೇಳಿಕೊಂಡು ಹೋದವರಿಗೆ ಕ್ಯಾನ್ಸರಿನ ಭಯ ತೋರಿಸಲಾಗಿತ್ತೆಂಬುದು ಆ ದೂರುಗಳ ಸಾರ. ಹೆಣ್ಣಿನ ಮಾತನ್ನು ತಾಳ್ಮೆಯಿಂದ ಕೇಳದ ವ್ಯವಸ್ಥೆಗೆ ವೇಗದ ಯಂತ್ರವೊಂದನ್ನು ಜೋಡಿಸಿದರೆ ತಪ್ಪಿನ ವೇಗವೂ ಹೆಚ್ಚುತ್ತದೆ.

5

ಮರೆಮಾಚುವ ನುಡಿಗೆ ಇನ್ನೊಂದು ಮುಖವೂ ಇದೆ. ಅದು ನಾಚಿಕೆಯ ಫಲವಷ್ಟೇ ಅಲ್ಲ, ರಕ್ಷಣೆಯ ಉಪಾಯವೂ ಹೌದು. ಗಂಡನಿಗೋ ಅತ್ತೆಗೋ ತಿಳಿಯಬಾರದ ಸಂಗತಿಯನ್ನು ಹೆಣ್ಣು ಸಂಕೇತದಲ್ಲಿ ಹೇಳುತ್ತಾಳೆ. ಮನೆಗೊಂದೇ ಫೋನಿರುವೆಡೆ ಆ ಫೋನು ಗಂಡಸಿನ ಕೈಯಲ್ಲಿರುವುದೇ ಹೆಚ್ಚು. ಮುಟ್ಟಿನ ದಿನಗಳನ್ನು ದಾಖಲಿಸುವ ಕೆಲವು ಆ್ಯಪ್‌ಗಳು ಬಳಕೆದಾರ್ತಿಯರ ಖಾಸಗಿ ವಿವರಗಳನ್ನು ಫೇಸ್‌ಬುಕ್ಕಿಗೆ ರವಾನಿಸುತ್ತಿದ್ದವೆಂಬುದನ್ನು ‘ಪ್ರೈವಸಿ ಇಂಟರ್‌ನ್ಯಾಷನಲ್’ ಸಂಸ್ಥೆ 2019ರಲ್ಲಿ ಬಯಲಿಗೆಳೆಯಿತು. ಭಾರತದಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ 2023ರಲ್ಲಿ ರೂಪುಗೊಂಡಿತು. ಆದರೆ ಕಾಯಿದೆಯ ಒಪ್ಪಿಗೆಪತ್ರ ಆಕೆಗೆ ಅರ್ಥವಾಗುವ ಕನ್ನಡದಲ್ಲಿಲ್ಲದಿದ್ದರೆ ಆ ಒಪ್ಪಿಗೆಗೆ ಅರ್ಥವಿಲ್ಲ. ಸೂಲಗಿತ್ತಿ ಕೇಳಿದ್ದನ್ನು ಬೇರೆ ಮನೆಯಲ್ಲಿ ಆಡುತ್ತಿರಲಿಲ್ಲ ಎಂಬ ನಂಬಿಕೆಯೇ ಅವಳ ವೃತ್ತಿಯ ಬುನಾದಿಯಾಗಿತ್ತು. ಯಂತ್ರಕ್ಕೂ ಅದೇ ನಿಯಮ ಅನ್ವಯಿಸಬೇಕು.

6

ಕನ್ನಡ ವಿಭಾಗಗಳಿಗೆ ಇಲ್ಲಿ ಸ್ಪಷ್ಟವಾದ ಕರ್ತವ್ಯವಿದೆ. ಅದಕ್ಕೆ ಮೇಲ್ಪಂಕ್ತಿಯೂ ಇದೆ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಭದ್ರಿರಾಜು ಕೃಷ್ಣಮೂರ್ತಿಯವರು ತೆಲುಗಿನ ಪ್ರಾದೇಶಿಕ ವೃತ್ತಿಪದಕೋಶದ ಮೊದಲ ಸಂಪುಟವನ್ನು 1962ರಲ್ಲಿ ಹೊರತಂದರು. ಅದು ಬೇಸಾಯದ ಪದಗಳಿಗೆ ಮೀಸಲಾಗಿತ್ತು. ಅದೇ ಬಗೆಯಲ್ಲಿ ಸೂಲಗಿತ್ತಿಯ ವೃತ್ತಿಪದಕೋಶವೊಂದು ಕನ್ನಡಕ್ಕೆ ಬೇಕು. ‘ಸೂಲಗಿತ್ತಿ’ ಎಂಬ ಪದವೇ ‘ಹೂವಾಡಗಿತ್ತಿ’ಯಂತೆ ವೃತ್ತಿವಾಚಕ, ‘ಸೂಲು’ ಎಂದರೆ ಹೆರಿಗೆ. ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅಂಥವರೊಂದಿಗೆ ಮುಗಿದುಹೋಗುವುದು ಕೈಚಳಕ ಮಾತ್ರವಲ್ಲ, ಒಂದು ನುಡಿಗಟ್ಟು ಕೂಡ.

ಬರಹದ ಪರಂಪರೆಯಲ್ಲೂ ಮಾದರಿಗಳಿವೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934-1991) ಅವರು ‘ತಾಯಿ-ಮಗು’, ‘ಕೇಳು ಕಿಶೋರಿ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಮೊದಲಾದ ಕೃತಿಗಳ ಮೂಲಕ ಹೆಣ್ಣಿನ ದೇಹದ ವಿಷಯವನ್ನು ಕನ್ನಡದಲ್ಲಿ ಅಳುಕಿಲ್ಲದೆ ಹೇಳಬಹುದೆಂಬುದನ್ನು ತೋರಿಸಿಕೊಟ್ಟರು. ಅವರು ಹೇಳುವ ಭಾಷೆಯನ್ನು ಕಟ್ಟಿದರು; ಈಗ ಕಟ್ಟಬೇಕಾದುದು ಕೇಳುವ ಭಾಷೆ.

ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನೊಂದಿಗೆ ನಡೆಸಿರುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಗಳ ಆಡುಮಾತನ್ನು ಧ್ವನಿಮುದ್ರಿಸುತ್ತಿದೆ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಭಾಷಿಣಿ’ ಅನುವಾದದ ಸಾಧನಗಳನ್ನು ಒದಗಿಸುತ್ತಿದೆ. ಆದರೆ ಬಸಿರು-ಬಾಣಂತನದ ಮಾತು ಅಪರಿಚಿತರ ಮುಂದೆ ತಾನಾಗಿ ಹೊರಬರುವುದಿಲ್ಲ. ಅದನ್ನು ಸಂಗ್ರಹಿಸಲು ವಿದ್ಯಾರ್ಥಿನಿಯರೂ ಆಶಾ ಕಾರ್ಯಕರ್ತೆಯರೂ ಒಪ್ಪಿಗೆ ಪಡೆದು, ಹೆಸರು ದಾಖಲಿಸದೆ, ಮನೆಯಂಗಳದಲ್ಲಿ ಕೂತು ಕೇಳಬೇಕು. ಪ್ರತಿ ಪದಕ್ಕೂ ಪ್ರದೇಶ, ಪ್ರಯೋಗ, ವೈದ್ಯಕೀಯ ಅರ್ಥ ಮೂರನ್ನೂ ಕೊಡಬೇಕು. ಅರ್ಥವನ್ನು ವೈದ್ಯರು ಪರಿಶೀಲಿಸಬೇಕು. ಸಂದೇಹ ಬಂದೆಡೆ ಯಂತ್ರ ಊಹಿಸದೆ ಮರುಪ್ರಶ್ನೆ ಕೇಳುವಂತೆಯೂ, ಅಪಾಯದ ಪದ ಕಿವಿಗೆ ಬಿದ್ದೊಡನೆ ಮನುಷ್ಯರನ್ನು ಕರೆಯುವಂತೆಯೂ ಏರ್ಪಾಡಾಗಬೇಕು.

ಕರ್ನಾಟಕದಲ್ಲಿ 2001-03ರಲ್ಲಿ ಲಕ್ಷ ಜೀವಂತ ಜನನಗಳಿಗೆ 228ರಷ್ಟಿದ್ದ ತಾಯಂದಿರ ಮರಣ 2018-20ರ ವೇಳೆಗೆ 69ಕ್ಕೆ ಇಳಿದಿತ್ತು. ಈ ಇಳಿಕೆಯ ಹಿಂದೆ ಆಸ್ಪತ್ರೆಯ ಹೆರಿಗೆ, ಆಶಾ ಕಾರ್ಯಕರ್ತೆಯರ ಓಡಾಟ, ಆಂಬುಲೆನ್ಸ್ ಸೇವೆಗಳಿದ್ದವು. ಉಳಿದಿರುವ ಸಾವುಗಳನ್ನು ತಡೆಯಲು ಯಂತ್ರ ನೆರವಾಗಬಲ್ಲುದು. ಆದರೆ ‘ಮಾಸು ಬಿದ್ದಿಲ್ಲ’ ಎಂಬ ಮಾತು ಏನೆಂಬುದನ್ನು ಅದಕ್ಕೆ ಮೊದಲು ಯಾರಾದರೂ ಕಲಿಸಬೇಕು. ಆ ಪಾಠವನ್ನು ಸಿದ್ಧಪಡಿಸುವ ಹೊಣೆ ಕನ್ನಡವನ್ನು ಓದುವವರದು, ಓದಿಸುವವರದು.