ಸಾಸಿವೆ ಡಬ್ಬಿಯಿಂದ ಹೊಯಿ ಆನ್‌ವರೆಗೆ

ವಿಯೆಟ್ನಾಂನಲ್ಲಿ ಇಪ್ಪತ್ತು ಸಾವಿರ ಡಾಂಗ್ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ಎರಡರ ಮೇಲೂ ಹೊ ಚಿ ಮಿನ್ ಅವರ ಅದೇ ಮುಖ. ಹೊಯಿ ಆನ್ ಪೇಟೆಯ ನದಿ ದಂಡೆಯಲ್ಲಿ ನಾವು ನಾಲ್ವರು ಕಬ್ಬಿನ ಹಾಲು ಕುಡಿದೆವು. ಅವತ್ತು ದುಡ್ಡು ಕೊಡುವ ಸರದಿ ತಿಪಟೂರಿನವಳದು. ಮೂರು ನೋಟು ಎಣಿಸಿ ಕೊಟ್ಟು ಬಂದಳು. ನಾಲ್ಕು ಹೆಜ್ಜೆ ನಡೆದಿದ್ದೆವೋ ಇಲ್ಲವೋ, ಹಿಂದಿನಿಂದ ಯಾರೋ ಕೂಗಿದಂತಾಯಿತು. ಎಲೆಟೊಪ್ಪಿ ಹಾಕಿದ್ದ ಆ ಹೆಂಗಸು ಗಾಡಿ ಬಿಟ್ಟು ಓಡಿ ಬರುತ್ತಿದ್ದಳು. ಕೈಯಲ್ಲಿ ಐದು ಲಕ್ಷದ ನೋಟು.

ನಮ್ಮ ಲೆಕ್ಕದಲ್ಲಿ ಸುಮಾರು 68 ರೂಪಾಯಿ ಕೊಡುವ ಕಡೆ ಸುಮಾರು 1,700 ರೂಪಾಯಿ ಹೋಗಿತ್ತು. ಆಕೆ ನೋಟು ತಿರುಗಿಸಿ ಹಿಂಬದಿಯ ಚಿತ್ರ ತೋರಿಸಿದಳು. ಅದರಲ್ಲಿ ಹೊ ಚಿ ಮಿನ್ ಹುಟ್ಟೂರಿನ ಮನೆ. ಇಪ್ಪತ್ತು ಸಾವಿರದ ನೋಟಿನ ಹಿಂದೆ ಒಂದು ಸೇತುವೆ. ಆ ಸೇತುವೆ ಇದ್ದದ್ದು ಅದೇ ಊರಿನಲ್ಲಿ, ಅದೇ ಬೀದಿಯ ತುದಿಯಲ್ಲಿ. ಬೆರಳು ಮಾಡಿ ಅದನ್ನೂ ತೋರಿಸಿದಳು. ಮನೆ ದೊಡ್ಡದು, ಸೇತುವೆ ಸಣ್ಣದು. ಭಾಷೆ ಬರದಿದ್ದರೂ ಪಾಠ ಮನಸ್ಸಿಗೆ ನಾಟಿತು.

ತಿಪಟೂರಿನವಳ ಮುಖ ಬಿಳಿಚಿಕೊಂಡಿತ್ತು. “ತಪ್ಪಾಯ್ತು ಕಣ್ರೇ, ತಪ್ಪಾಯ್ತು” ಅಂತ ಒಂದೇ ಸಮನೆ ಹೇಳುತ್ತಿದ್ದಳು. ನಾವು ಯಾರೂ ಏನೂ ಅಂದಿರಲಿಲ್ಲ. ಗದಗಿನವಳು ಅವಳ ಕೈ ಹಿಡಿದು, “ತಪ್ಪ ಏನೈತಿ ಅದರಾಗ? ನಿನ್ನ ರೊಕ್ಕ, ನಿನ್ನ ಕೈ. ಯಾರಿಗೆ ಲೆಕ್ಕ ಒಪ್ಪಸ್ತಿ?” ಅಂದಳು. ಅವಳು ಸುಮ್ಮನಾದಳು. ಬಹಳ ಹೊತ್ತು ಆ ನೋಟು ಹಿಡಿದುಕೊಂಡೇ ನಡೆದಳು.

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಬಡ್ಡಿ, ವಿಮೆ, ಸಾಲದ ಕಂತಿನ ಬಗ್ಗೆ ಬರೆಯುತ್ತೇನೆ. ಈ ಸಲ ಆ ನೋಟಿನ ಬಗ್ಗೆ, ಅದು ಅಲ್ಲಿಯವರೆಗೆ ಬಂದ ದಾರಿಯ ಬಗ್ಗೆ ಬರೆಯುತ್ತಿದ್ದೇನೆ.

ಡಬ್ಬಿ ಬರಿದಾದ ದಿನ

ಮೈಸೂರಿನಲ್ಲಿ ಬಿ.ಕಾಂ. ಓದುವಾಗ ನಾವು ನಾಲ್ವರು ಹಾಸ್ಟೆಲ್‌ನಲ್ಲಿ ಒಂದೇ ಕೋಣೆಯಲ್ಲಿದ್ದೆವು. ಆಗ ಊರಿನ ಹೆಸರಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದೆವು, ಈಗಲೂ ಹಾಗೆಯೇ. ತಿಪಟೂರಿನವಳು ತೆಂಗಿನ ತೋಟದ ಮನೆಗೆ ಸೊಸೆಯಾಗಿ ಹೋದಳು. ಗದಗಿನವಳು ನೇಕಾರರ ಮನೆಯ ಮಗಳು, ಈಗ ಮನೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಶಿರಸಿಯವಳು ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ನಾನು ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಸ್ವಯಂ ನಿವೃತ್ತಿ ಪಡೆದವಳು.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದವು. ಮರುದಿನ ತಿಪಟೂರಿನವಳು ಫೋನ್ ಮಾಡಿ ಅತ್ತಳು. ಹಾಲು ಮಾರಿ ಉಳಿಸಿದ 23 ಸಾವಿರ ರೂಪಾಯಿ ಸಾಸಿವೆ ಡಬ್ಬಿಯ ಹಿಂದಿನ ಇನ್ನೊಂದು ಡಬ್ಬಿಯಲ್ಲಿತ್ತು. ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಲಿಲ್ಲ. ಬೇರೆ ದಾರಿ ಕಾಣದೆ ಗಂಡನ ಕೈಗೆ ಕೊಟ್ಟಳು. ಅವರು ತಮ್ಮ ಖಾತೆಗೆ ಕಟ್ಟಿದರು. ಮುಂದಿನ ತಿಂಗಳು ಬೋರ್‌ವೆಲ್ ಮೋಟಾರ್ ಸುಟ್ಟಿತು, ದುಡ್ಡು ಅದಕ್ಕೆ ಹೋಯಿತು. ಅವರೇನೂ ಕೆಟ್ಟವರಲ್ಲ. ಮನೆಯ ದುಡ್ಡು ಮನೆಗೆ ಖರ್ಚಾಯಿತು ಅಂದುಕೊಂಡರು, ಅಷ್ಟೆ. ಆದರೆ ಆ 23 ಸಾವಿರದ ಹಿಂದೆ ಅವಳದೊಂದು ಆಸೆ ಇತ್ತು ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ವಿಮಾನದಲ್ಲಿ ಒಮ್ಮೆ ಕೂರಬೇಕು ಅನ್ನುವುದು ಆ ಆಸೆ.

ಆ ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಇಂಥ ಎಷ್ಟೋ ಹೆಂಗಸರನ್ನು ಕಂಡೆ. ಸೀರೆಯ ಮಡಿಕೆಯಲ್ಲಿ, ಅಕ್ಕಿ ಡ್ರಮ್ಮಿನಲ್ಲಿ ಇಟ್ಟಿದ್ದ ನೋಟುಗಳನ್ನು ಹಿಡಿದು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಸ್ವಂತ ಉಳಿತಾಯವನ್ನು ಕಳ್ಳತನದ ಹಾಗೆ ಒಪ್ಪಿಸಬೇಕಾದ ಆ ನೋವನ್ನು ನಾನು ಮರೆತಿಲ್ಲ. ಡಬ್ಬಿಯ ದುಡ್ಡಿಗೆ ಬಡ್ಡಿ ಇಲ್ಲ, ಭದ್ರತೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಹೆಸರಿಲ್ಲ.

ತಿಂಗಳಿಗೆ ಎರಡೂವರೆ ಸಾವಿರ

2021ರ ಡಿಸೆಂಬರ್‌ನಲ್ಲಿ ಶಿರಸಿಯವಳ ಮಗಳ ಮದುವೆಗೆ ಸೇರಿದಾಗ ಆ ವಿಮಾನದ ಆಸೆಯ ಮಾತು ಮತ್ತೆ ಬಂತು, ನಾಲ್ವರೂ ಒಟ್ಟಿಗೆ ಪ್ರವಾಸ ಹೋಗೋಣ ಅಂದುಕೊಂಡೆವು. ಕೊರೊನಾ ಕಾಲದಲ್ಲಿ ನಾಲ್ವರೂ ಒಬ್ಬೊಬ್ಬ ಹತ್ತಿರದವರನ್ನು ಕಳೆದುಕೊಂಡಿದ್ದೆವು. ಮುಂದೆ ನೋಡೋಣ ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮುಂದಿನ ತಿಂಗಳೇ ನಾಲ್ವರೂ ತಂತಮ್ಮ ಹೆಸರಿನಲ್ಲಿ ಮೂರು ವರ್ಷದ ಆರ್.ಡಿ. ಶುರು ಮಾಡಿದೆವು. ತಿಂಗಳಿಗೆ 2,500 ರೂಪಾಯಿ.

ನಾನು ಬೇಕಾದರೆ ಹತ್ತು ಸಾವಿರ ಕಟ್ಟಬಹುದಿತ್ತು. ಆದರೆ ನಾಲ್ವರಲ್ಲಿ ಯಾರ ಕೈ ಬಿಗಿಯಾಗಿದೆಯೋ ಅವರ ಅಳತೆಗೇ ಪ್ರವಾಸ ಹೊಂದಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಗೆಳೆತನದ ಪ್ರವಾಸಗಳು ಮುರಿದು ಬೀಳುವುದು ಇಲ್ಲಿಯೇ. ಒಬ್ಬಳಿಗೆ ಪಂಚತಾರಾ ಹೋಟೆಲ್ ಬೇಕು, ಇನ್ನೊಬ್ಬಳು ಬಾಯಿ ಬಿಟ್ಟು ಹೇಳಲಾರದೆ ಸಾಲ ಮಾಡುತ್ತಾಳೆ. ಆ ಸಾಲ ತೀರುವ ಹೊತ್ತಿಗೆ ಸ್ನೇಹವೂ ಸವೆದಿರುತ್ತದೆ.

ಗದಗಿನವಳ ಆದಾಯ ಮದುವೆಯ ಸೀಸನ್‌ನಲ್ಲಿ ಉಕ್ಕುತ್ತದೆ, ಆಷಾಢದಲ್ಲಿ ಬತ್ತುತ್ತದೆ. ಎರಡು ತಿಂಗಳ ಕಂತಿನಷ್ಟು ದುಡ್ಡನ್ನು ಯಾವಾಗಲೂ ಉಳಿತಾಯ ಖಾತೆಯಲ್ಲಿ ಬಿಟ್ಟಿರು, ಕಂತು ತಾನಾಗಿ ಕಡಿತವಾಗಲಿ ಅಂತ ಅವಳಿಗೆ ಹೇಳಿದೆ. ಮೂವತ್ತಾರು ತಿಂಗಳಲ್ಲಿ ಒಂದು ಕಂತೂ ತಪ್ಪಲಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಹಳೆಯ ಮಾತು. ನಮ್ಮ ಹಳ್ಳದ ಅಳತೆ ಇಷ್ಟು: ಕಟ್ಟಿದ್ದು 90 ಸಾವಿರ, 2025ರ ಜನವರಿಯಲ್ಲಿ ಕೈಗೆ ಬಂದದ್ದು ಬಡ್ಡಿ ಸೇರಿ ತಲಾ 97 ಸಾವಿರ ಚಿಲ್ಲರೆ.

ಅಷ್ಟರಲ್ಲಿ ಪಾಸ್‌ಪೋರ್ಟ್ ಕೆಲಸವೂ ಮುಗಿದಿತ್ತು. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ. ಗಂಡನ ಒಪ್ಪಿಗೆ ಪತ್ರ ಬೇಕು, ಮದುವೆ ಪ್ರಮಾಣಪತ್ರ ಬೇಕು ಅಂತ ಇಂದಿಗೂ ಎಷ್ಟೋ ಹೆಂಗಸರು ನಂಬಿದ್ದಾರೆ. ಒಪ್ಪಿಗೆ ಪತ್ರ ಬೇಡ. ಮದುವೆ ಪ್ರಮಾಣಪತ್ರ ಕೊಡಬೇಕೆಂಬ ನಿಯಮವನ್ನು 2016ರ ಡಿಸೆಂಬರ್‌ನಲ್ಲೇ ವಿದೇಶಾಂಗ ಸಚಿವಾಲಯ ತೆಗೆದುಹಾಕಿದೆ. ತಿಪಟೂರಿನವಳು ಐವತ್ತು ದಾಟಿದ ಮೇಲೆ ಮೊದಲ ಪಾಸ್‌ಪೋರ್ಟ್ ಮಾಡಿಸಿದಳು. ಅಂಚೆಯಣ್ಣ ತಂದುಕೊಟ್ಟ ದಿನ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ ಫೋಟೊ ಕಳಿಸಿದ್ದಳು.

ಫೆಬ್ರುವರಿಯ ಏಳು ದಿನದ ಪ್ಯಾಕೇಜ್‌ಗೆ ತಲಾ 80 ಸಾವಿರ, ಅದರ ಮೇಲೆ 4 ಸಾವಿರ ಟಿಸಿಎಸ್. ವಿಯೆಟ್ನಾಂನ ಇ-ವೀಸಾ ಒಂದು ಪ್ರವೇಶಕ್ಕೆ 25 ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು 2,200 ರೂಪಾಯಿ. ಪ್ರವಾಸ ವಿಮೆಗೆ ಸಾವಿರದೊಳಗೆ. ಉಳಿದದ್ದು ಕೈಖರ್ಚಿಗೆ. ಯಾರೂ ಒಡವೆ ಅಡವಿಡಲಿಲ್ಲ, ಯಾರ ಮುಂದೂ ಕೈ ಚಾಚಲಿಲ್ಲ.

ಅಜ್ಜಿಯ ಸಂಚಿ

ಹೊರಡುವಾಗ ಶಿರಸಿಯವಳು ಅಜ್ಜಿಯ ಎಲೆ ಅಡಿಕೆ ಸಂಚಿ ತಂದಿದ್ದಳು. ಒಂದರೊಳಗೊಂದು ನಾಲ್ಕು ಅರೆಗಳು, ಎಳೆದರೆ ಬಾಯಿ ಮುಚ್ಚುವ ದಾರ. ಡಾ ನಾಂಗ್‌ನಲ್ಲಿ ಇಳಿದ ದಿನ ತಲಾ ಹತ್ತು ಲಕ್ಷ ಡಾಂಗ್, ಅಂದರೆ ಸುಮಾರು 3,400 ರೂಪಾಯಿ, ಅದರೊಳಗೆ ಹಾಕಿದೆವು. ಪ್ಯಾಕೇಜ್‌ನಲ್ಲಿ ಸೇರದ ಊಟ, ಕಾಫಿ, ದೋಣಿ, ಟ್ಯಾಕ್ಸಿ ಎಲ್ಲ ಅದರಿಂದಲೇ. ಸ್ವಂತಕ್ಕೆ ಕೊಳ್ಳುವುದು ಸ್ವಂತ ದುಡ್ಡಿನಲ್ಲಿ. ಸಂಚಿ ದಿನಕ್ಕೊಬ್ಬಳ ಕೈಯಲ್ಲಿ. ರಾತ್ರಿ ಮಲಗುವ ಮುಂಚೆ ಪುಸ್ತಕದಲ್ಲಿ ಆ ದಿನದ ಲೆಕ್ಕ.

ಈ ವ್ಯವಸ್ಥೆ ಮಾಡಿದ್ದು ಜಗಳ ಬರಬಾರದು ಅಂತ. ಜಗಳ ಬರಲಿಲ್ಲ. ನಾನು ನಿರೀಕ್ಷಿಸದೆ ಇದ್ದದ್ದು ಇನ್ನೊಂದು: ಸಂಚಿ ಕೈಗೆ ಬಂದವಳು ಅವತ್ತಿನ ಮಟ್ಟಿಗೆ ಯಜಮಾನಿ. ಎಲ್ಲಿ ಊಟ, ದೋಣಿಗೆ ಎಷ್ಟು ಕೊಡಬಹುದು, ಯಾವುದು ಬೇಡ, ಎಲ್ಲ ಅವಳ ತೀರ್ಮಾನ. ತಿಪಟೂರಿನವಳು ಮೊದಲ ದಿನ ನೀರಿನ ಬಾಟಲಿಗೂ “ತಗೊಳ್ಳಲೇನೇ?” ಅಂತ ಕೇಳುತ್ತಿದ್ದಳು. ಕಬ್ಬಿನ ಹಾಲಿನ ಪ್ರಸಂಗ ನಡೆದದ್ದು ಅದೇ ದಿನ.

ಎರಡನೆಯ ಸಲ ಅವಳ ಸರದಿ ಬಂದಾಗ ಬುಟ್ಟಿದೋಣಿಯಲ್ಲಿ ತೆಂಗಿನ ಕಾಡು ಸುತ್ತುವ ಕಾರ್ಯಕ್ರಮ. ಬಿದಿರಿನ ದುಂಡು ದೋಣಿಯಲ್ಲಿ ಕೂತು ಸುತ್ತ ನೋಡಿದ್ದೇ, “ಇದು ನಮ್ಮ ತೆಂಗಲ್ಲ ಕಣ್ರೇ, ಕಾಂಡವೇ ಇಲ್ಲ, ಗರಿ ನೀರಿಂದಲೇ ಎದ್ದಿದೆ” ಅಂದಳು. ಅವಳು ಹೇಳಿದ್ದು ಸರಿ. ಅದು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ನಿಪಾ ಎಂಬ ತಾಳೆ ಜಾತಿಯ ಗಿಡ. ದೋಣಿಯವಳ ಜೊತೆ ಕೈಸನ್ನೆಯಲ್ಲೇ ಗರಿ, ಕಾಯಿ, ಹೆಣೆಯುವ ರೀತಿ ಎಲ್ಲ ಕೇಳಿ ತಿಳಿದಳು. ಇಳಿದ ಮೇಲೆ ಯಾರನ್ನೂ ಕೇಳದೆ ಸಂಚಿ ಬಿಚ್ಚಿ, ಸೇತುವೆಯ ನೋಟು ಯಾವುದು, ಮನೆಯ ನೋಟು ಯಾವುದು ಅಂತ ತಿರುಗಿಸಿ ನೋಡಿ ಭಕ್ಷೀಸು ಕೊಟ್ಟಳು. ಹಾಸ್ಟೆಲ್‌ನಲ್ಲಿ ಮೆಸ್ ಬಿಲ್ ತಪ್ಪಾಗಿದೆ ಅಂತ ವಾರ್ಡನ್ ಎದುರು ನಿಂತು ವಾದಿಸಿದ್ದ ಹುಡುಗಿ ಇವಳೇ ಅಂತ ನನಗೆ ಆಗ ನೆನಪಾಯಿತು.

ಹೊಯಿ ಆನ್ ದರ್ಜಿಗಳ ಊರು. ಅಳತೆ ಕೊಟ್ಟರೆ ಒಂದೆರಡು ದಿನದಲ್ಲಿ ಬಟ್ಟೆ ಕೈಗೆ. ಗದಗಿನವಳು ಒಂದು ಅಂಗಡಿಗೆ ಹೋದವಳು ಎರಡು ತಾಸು ಹೊರಗೆ ಬರಲಿಲ್ಲ. ಒಳಗೆ ನೋಡಿದರೆ ಅಲ್ಲಿಯ ದರ್ಜಿಯ ಪಕ್ಕ ಕೂತು ತೋಳಿನ ಹೊಲಿಗೆ ಬಿಚ್ಚಿಸಿ ನೋಡುತ್ತಿದ್ದಾಳೆ. ತನ್ನ ಫೋನಿನಲ್ಲಿದ್ದ ಬ್ಲೌಸ್‌ಗಳ ಫೋಟೊ ತೋರಿಸುತ್ತಿದ್ದಾಳೆ. ಆಕೆ ಬೆನ್ನು ತಟ್ಟಿ ಏನೋ ಹೊಗಳುತ್ತಿದ್ದಾಳೆ. ಹೊರಗೆ ಬಂದು ಇವಳು ಹೇಳಿದ್ದು: “ಅಕಿ ಒಂದು ಅಂಗಿಗೆ ತಗೊಳ್ಳೂ ರೊಕ್ಕ ಕೇಳಿದ್ಯಾ? ನಾ ನನ್ನ ಕೆಲಸಕ್ಕ ಬೆಲೀನ ಕಟ್ಟಿಲ್ಲ ನೋಡು.” ಊರಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ, ಹೊಲಿಗೆಯ ದರಪಟ್ಟಿ ಬರೆದು ಅಂಗಡಿಯ ಗೋಡೆಗೆ ಅಂಟಿಸಿದ್ದು.

ಶಿರಸಿಯವಳಿಗೆ ದಕ್ಕಿದ್ದು ಮಿ ಸಾನ್. ಚಂಪಾ ದೊರೆಗಳು ನಾಲ್ಕನೆಯ ಶತಮಾನದಿಂದ ಕಟ್ಟಿಸುತ್ತಾ ಬಂದ ಕೆಂಪು ಇಟ್ಟಿಗೆಯ ಶಿವಾಲಯಗಳ ಕಣಿವೆ ಅದು. ಅಲ್ಲಿ ಸಂಸ್ಕೃತ ಶಾಸನಗಳಿವೆ. 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ಬಹುಪಾಲು ಕುಸಿಯಿತು. ಕೆಲವು ಗುಡಿಗಳನ್ನು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ದುರಸ್ತಿ ಮಾಡಿದೆ, ಆ ಕೆಲಸದ ವೇಳೆ 2020ರಲ್ಲಿ ಮರಳುಗಲ್ಲಿನ ಏಕಶಿಲಾ ಶಿವಲಿಂಗ ಸಿಕ್ಕಿತು. ಅವಳು ಒಂದೊಂದು ಫಲಕದ ಮುಂದೂ ನಿಂತು ಓದಿದಳು, ಗೈಡ್‌ನನ್ನು ಬಿಡದೆ ಪ್ರಶ್ನೆ ಕೇಳಿದಳು. “ನಂಗೆ ಇತಿಹಾಸ ಓದಬೇಕಿತ್ತು, ಕಾಮರ್ಸ್ ಮಾಡಿದ್ರೆ ಕೆಲಸ ಸಿಗ್ತದೆ ಅಂತ ಅಪ್ಪಯ್ಯ ಸೇರಿಸಿದ್ರು” ಅಂದಳು. ಮೂರು ವರ್ಷ ಒಂದೇ ಕೋಣೆಯಲ್ಲಿದ್ದರೂ ಈ ಮಾತು ನಮಗೆ ತಿಳಿದಿರಲಿಲ್ಲ.

ಕಾರ್ಡು, ನಗದು ಮತ್ತು ಟಿಸಿಎಸ್

ಹೊರಡುವವರಿಗೆ ಕೆಲವು ಮಾತು. ನಾನು ಬ್ಯಾಂಕಿನವಳು, ನನ್ನ ಕಾರ್ಡ್ ಇದೆ ಅನ್ನುವ ಧೈರ್ಯದಲ್ಲಿದ್ದೆ. ಡಾ ನಾಂಗ್‌ನ ಹೋಟೆಲಿನಲ್ಲಿ ಅದು ನಡೆಯಲಿಲ್ಲ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಬಂದ್ ಆಗಿರುತ್ತದೆ, ನಾವೇ ಚಾಲೂ ಮಾಡಿಕೊಳ್ಳಬೇಕು. ಹೊಸ ಕಾರ್ಡ್ ಬಂದ ಮೇಲೆ ನಾನು ಅದನ್ನು ಮಾಡಿರಲಿಲ್ಲ. ಆ ಕ್ಷಣ ನನ್ನ ಬಿಲ್ ಕಟ್ಟಿದವಳು ಗದಗಿನವಳು. ಎಲ್ಲರಿಗಿಂತ ನನ್ನ ಕೈ ಸಡಿಲ ಅಂದುಕೊಂಡಿದ್ದ ನನಗೆ, ಪಡೆಯುವುದೂ ಸ್ನೇಹದ ಒಂದು ಭಾಗ ಅಂತ ಅವತ್ತು ಅರ್ಥವಾಯಿತು.

ಹೊರಡುವ ಮುಂಚೆಯೇ ಕಾರ್ಡಿನ ವಿದೇಶಿ ಬಳಕೆ ಚಾಲೂ ಮಾಡಿಕೊಳ್ಳಿ, ಮಿತಿ ಹಾಕಿ. ಬಹುಪಾಲು ಕ್ರೆಡಿಟ್ ಕಾರ್ಡುಗಳು ವಿದೇಶಿ ಖರ್ಚಿನ ಮೇಲೆ ಶೇ 2ರಿಂದ 3.5ರವರೆಗೆ ಹೆಚ್ಚುವರಿ ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಮೆಷಿನ್ “ರೂಪಾಯಿಯಲ್ಲಿ ಕಟ್ಟುತ್ತೀರಾ?” ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ಹಣದಲ್ಲೇ ಕಟ್ಟಿ. ರೂಪಾಯಿ ಆರಿಸಿದರೆ ವಿನಿಮಯ ದರದಲ್ಲಿ ಸಾಮಾನ್ಯವಾಗಿ ನಷ್ಟ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ವಿಮೆಯ ಅರ್ಜಿಯಲ್ಲಿ ಮುಚ್ಚಿಡಬೇಡಿ, ಮೊದಲೇ ಇರುವ ಕಾಯಿಲೆಗೆ ರಕ್ಷಣೆ ಇದೆಯೇ ಅಂತ ಓದಿ ನೋಡಿ. ಸಸ್ಯಾಹಾರಿಗಳು ‘ಚಾಯ್’ ಅನ್ನುವ ಒಂದು ಪದ ಕಲಿತರೆ ವಿಯೆಟ್ನಾಂನಲ್ಲಿ ಹೊಟ್ಟೆ ತುಂಬುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲಿಯ ಬೌದ್ಧರಲ್ಲೂ ಅನೇಕರು ಸಸ್ಯಾಹಾರ ಮಾಡುತ್ತಾರೆ.

ಇನ್ನು ಆ ಟಿಸಿಎಸ್. ವಿದೇಶ ಪ್ಯಾಕೇಜ್ ಕೊಂಡಾಗ ಟೂರ್ ಕಂಪನಿ ಮುಂಗಡವಾಗಿ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ ಇದು. ನಾವು ಹೋದಾಗ 7 ಲಕ್ಷದವರೆಗಿನ ಪ್ಯಾಕೇಜ್‌ಗೆ ಶೇ 5 ಇತ್ತು. ದರ ಬದಲಾಗುತ್ತಿರುತ್ತದೆ, ಹೊರಡುವಾಗ ವಿಚಾರಿಸಿಕೊಳ್ಳಿ. ಅದು ಕಳೆದುಹೋದ ದುಡ್ಡಲ್ಲ. ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ ಫಾರ್ಮ್ 26ಎಎಸ್‌ನಲ್ಲಿ ಜಮೆಯಾಗಿರುತ್ತದೆ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರು ರಿಟರ್ನ್ಸ್ ಸಲ್ಲಿಸಿದರೆ ಪೂರ್ತಿ ವಾಪಸ್ ಬರುತ್ತದೆ. ಬುಕ್ ಮಾಡುವಾಗ ಗಂಡನ ಪ್ಯಾನ್ ಕೊಟ್ಟರೆ ಅದು ಗಂಡನ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೇ ನಾಲ್ವರೂ ನಮ್ಮ ನಮ್ಮ ಪ್ಯಾನ್ ಕೊಟ್ಟೆವು.

ತಿಪಟೂರಿನವಳು ಜೀವನದಲ್ಲಿ ಮೊದಲ ಸಲ ರಿಟರ್ನ್ಸ್ ಸಲ್ಲಿಸಿದಳು. ನಾನು ವಿಡಿಯೊ ಕಾಲ್‌ನಲ್ಲಿ ಹೇಳುತ್ತಾ ಹೋದೆ, ಒತ್ತಿದ್ದೆಲ್ಲ ಅವಳೇ. ಕೆಲವು ವಾರಗಳ ನಂತರ ಅವಳ ಖಾತೆಗೆ 4 ಸಾವಿರ ಬಂತು. ಮೆಸೇಜಿನ ಚಿತ್ರ ನಮ್ಮ ಗುಂಪಿಗೆ ಹಾಕಿದಳು. ಕೆಳಗೆ ಒಂದೇ ಸಾಲು: “ಇದರಲ್ಲಿ ಮುಂದಿನ ಆರ್.ಡಿ. ಶುರು ಮಾಡ್ತಿದೀನಿ. ನೀವೂ ಮಾಡ್ರೇ.”

“ತಗೊಳ್ಳಲೇನೇ?” ಅಂತ ಅವಳು ಕೇಳಲಿಲ್ಲ. ನಾವು ಮೂವರೂ ಅವತ್ತೇ ಶುರು ಮಾಡಿದೆವು. ಸಂಚಿ ಈಗ ಅವಳ ಮನೆಯಲ್ಲಿದೆ, ಬೀರುವಿನಲ್ಲಿ, ಪಾಸ್‌ಪೋರ್ಟ್ ಪಕ್ಕದಲ್ಲಿ.